ಕಡಲಿಗೆ ಹೊರಟು ಗೇಟಿನಲ್ಲಿ ನಿಂತ ದಿನ

ಸೋಮವಾರ ನಾನು ಮೊದಲ ಸಲ ಚಿನ್ನದ ಗಣಿಗೆ ಇಳಿಯಬೇಕಿತ್ತು. ಅದಕ್ಕೆ ಮುಂಚೆ ಒಮ್ಮೆ ಸಮುದ್ರ ನೋಡಿಬಿಡಬೇಕೆಂದು ಶುಕ್ರವಾರ ಬೆಳಗಿನ ಜಾವ ಸೈಕಲ್ ಹತ್ತಿದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನನಗೆ ಇಪ್ಪತ್ತೆರಡು ವಯಸ್ಸು. ನಮ್ಮ ಮನೆಯಲ್ಲಿ ಕಡಲನ್ನು ಕಂಡವರು ಯಾರೂ ಇರಲಿಲ್ಲ.

ರಸ್ತೆ ಗೊತ್ತಿರಲಿಲ್ಲ. ರೈಲು ಹಳಿ ಮದ್ರಾಸಿಗೆ ಹೋಗುತ್ತದೆ ಎಂಬುದು ಗೊತ್ತಿತ್ತು. ಹಳಿಯ ಜಲ್ಲಿಯ ಪಕ್ಕದಲ್ಲಿ, ಹಳಿ ದುರಸ್ತಿಯ ಗ್ಯಾಂಗ್‌ಮನ್‌ಗಳು ನಡೆದು ನಡೆದು ಗಟ್ಟಿಯಾದ ಕಾಲುದಾರಿ ಇರುತ್ತದೆ. ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ನಾವೆಲ್ಲ ಬಂಗಾರಪೇಟೆಗೆ ಅದರ ಮೇಲೆಯೇ ಸೈಕಲ್ ತುಳಿಯುತ್ತಿದ್ದೆವು. ಪ್ಯಾಸೆಂಜರ್ ಗಾಡಿ ಒಂದು ಹಗಲಿನಲ್ಲಿ ಮದ್ರಾಸು ಮುಟ್ಟುತ್ತದೆ, ಅದೂ ಸಿಕ್ಕಸಿಕ್ಕಲ್ಲಿ ನಿಂತು. ನಾನು ಎಲ್ಲೂ ನಿಲ್ಲುವುದಿಲ್ಲ. ರಾತ್ರಿಯೂ ತುಳಿದರೆ ಶನಿವಾರ ಮಧ್ಯಾಹ್ನಕ್ಕೆ ಕಡಲು, ಭಾನುವಾರ ಸೈಕಲ್ಲನ್ನು ರೈಲಿಗೆ ಹಾಕಿ ವಾಪಸ್ಸು. ಈ ಯೋಜನೆ ಎಷ್ಟು ಪೆದ್ದು ಎಂದು ಈಗ ಕಾಣುತ್ತದೆ. ಆಗ ಕಾಣಲಿಲ್ಲ. ಹೇಳಿದರೆ ಬಿಡುವುದಿಲ್ಲವೆಂದು ಮನೆಯಲ್ಲಿ ಹೇಳಿರಲಿಲ್ಲ.

ಬಂಗಾರಪೇಟೆಯವರೆಗೂ ಯಾರೂ ಏನೂ ಕೇಳಲಿಲ್ಲ. ಅಲ್ಲಿ ಮದ್ರಾಸಿನ ಹಳಿ ಹಿಡಿದು ಸ್ವಲ್ಪ ದೂರ ಹೋಗಿದ್ದೆ, ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ ಕೋಲನ್ನು ಅಡ್ಡ ಹಿಡಿದಳು.

"ಒಬ್ಬನೇ ಎಲ್ಗಪ್ಪಾ?"

"ಸಮುದ್ರ ನೋಡೋಕೆ."

"ಅಯ್ಯೋ ನನ್ ಕಂದಾ! ಏನೇ ಆಗಿರ್ಲಿ, ಎತ್ತವ್ವನ್ ಮಕ ನೆನಸ್ಕೋ. ತಿರುಗಿ ಓಗು."

ನನಗೆ ಅರ್ಥವಾಗಲಿಲ್ಲ. ಮುಂದೆ ನಾಲ್ಕು ಜನ ಗ್ಯಾಂಗ್‌ಮನ್‌ಗಳು ಜಲ್ಲಿ ಸರಿಮಾಡುತ್ತಿದ್ದರು. ಒಬ್ಬ ಹ್ಯಾಂಡಲ್ ಹಿಡಿದು ನಿಲ್ಲಿಸಿ, "ಯಾವಳ್ಲಾ ಒಲ್ಲೆ ಅಂದೋಳು?" ಎಂದ.

"ಅದಲ್ಲ ಕಣ್ಲಾ, ಪರೀಕ್ಷೆ. ನೋಡ್ಲಾ, ಫೇಲಾದ ಮಕ" ಎಂದ ಇನ್ನೊಬ್ಬ.

ಆಗ ತಿಳಿಯಿತು. ಹಳಿಯ ಪಕ್ಕದಲ್ಲಿ ಒಬ್ಬನೇ ಹೋಗುವವನು ಸಾಯಲು ಹೊರಟವನೆಂದೇ ಇವರ ತೀರ್ಮಾನ. ಅಮ್ಮನ ಆಣೆ ಇಟ್ಟೆ, ಕೆಲಸ ಸಿಕ್ಕಿರುವುದನ್ನು ಹೇಳಿದೆ. ಸಮುದ್ರದ ಮಾತು ಎತ್ತಿದಾಗಲೆಲ್ಲ ಅವರ ಅನುಮಾನ ಹೆಚ್ಚುತ್ತಿತ್ತು. ಬಿಡಿಸಿಕೊಂಡು ಹೊರಡುವ ಹೊತ್ತಿಗೆ ಬಿಸಿಲು ಏರಿತ್ತು.

ಮುಂದಿನ ಲೆವೆಲ್ ಕ್ರಾಸಿಂಗಿನಲ್ಲಿ ನಾನೇ ನಿಂತೆ. ಬಾಯಾರಿತ್ತು. ಗೇಟ್‌ಮನ್ ಐವತ್ತು ದಾಟಿದ ಸಣಕಲು ಮನುಷ್ಯ. ಚೊಂಬಿನಲ್ಲಿ ನೀರು ಕೊಟ್ಟ. ನಾನು ತಲೆಯೆತ್ತಿ ಕುಡಿಯುತ್ತಿದ್ದಾಗ ಬುಸ್ಸೆಂದು ಸದ್ದಾಯಿತು. ನೋಡಿದರೆ ಎರಡೂ ಚಕ್ರಗಳ ವಾಲ್‌ಟ್ಯೂಬ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ಏನ್ ಮಾಡಿದ್ರಿ ನೀವು?"

"ಗಾಳಿ ಬಿಟ್ಟೆ ಕಣಪ್ಪಾ. ನೆಳ್ಳಾಗೆ ಕೂತ್ಕೋ."

ಕೂಗಾಡಿದೆ. ಸೋಮವಾರದ ಕೆಲಸ, ಸಮುದ್ರ, ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದೆ.

"ಗಣಿಗಿಳಿಯೋನು ಸಮುದ್ರ ಯಾಕ್ಲಾ ನೋಡ್ಬೇಕು?"

ಆತನ ಹೆಂಡತಿ ಗೇಟಿನ ಪಕ್ಕದ ಕೋಣೆಯಿಂದ ತಟ್ಟೆಯಲ್ಲಿ ಮುದ್ದೆ ತಂದಿಟ್ಟಳು. "ಉಣ್ಣಪ್ಪಾ ಮೊದ್ಲು. ಒಟ್ಟೆ ತುಂಬುಸ್ಕೊಂಡು ಆಯಪ್ಪನ್ನ ಬಯ್ಯುವಂತೆ. ನಾನೂ ಕೂಡ್ಕೋತೀನಿ."

ರೈಲು ಬರುವಾಗಲೆಲ್ಲ ಆತ ಗೇಟು ಹಾಕಿ, ಬಲಗೈಯಲ್ಲಿ ಹಸಿರು ಬಾವುಟ ಹಿಡಿದು, ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದ. ಗೇಟಿನ ಆಚೆ ನಿಂತ ಲಾರಿಯವನು ಇಣುಕಿ, "ಏನಣ್ಣಾ, ಕಳ್ಳನಾ?" ಎಂದ.

"ಅಲ್ಲಪ್ಪಾ, ನಮ್ ನೆಂಟ."

ನಾಚಿಕೆಯಿಂದ ತಲೆ ತಗ್ಗಿಸಿದೆ. ಮೂರನೆಯ ರೈಲು ಮದ್ರಾಸಿನ ಕಡೆಗೆ ಹೋಗುವುದು. ಕಿಟಕಿಗಳಲ್ಲಿ ಜನ ಆರಾಮಾಗಿ ಕುಳಿತು ಕಡಲಿನ ಊರಿಗೆ ಹೋಗುತ್ತಿದ್ದರು. ಕೈ ಕೊಸರಿದೆ. ಆತ ಇನ್ನೂ ಬಿಗಿಯಾಗಿ ಹಿಡಿದ. ರೈಲು ದಾಟಿದ ಮೇಲೂ ಬಿಡಲಿಲ್ಲ.

"ನಾನು ಸಾಯೋಕೆ ಬಂದಿಲ್ಲ ಸ್ವಾಮಿ! ಎಷ್ಟು ಸಲ ಹೇಳಲಿ?"

"ನಿನ್ನಂಗೇ ಬಂದಿದ್ದ ಒಬ್ಬ, ಅವನೂ ಇಂಗೇ ನೀರು ಕೇಳ್ದ" ಎಂದ ಆತ, ಹಳಿಯನ್ನು ನೋಡುತ್ತ. "ಕೊಟ್ಟೆ. ನಗ್ತಾನೇ ಸೈಕಲ್ ಹತ್ತಿದ. ಅದಿನೈದು ದಿವ್ಸ ಆಯ್ತು. ಪೊಲೀಸ್ನೋರು ಬರೋ ತಂಕ ಪಕ್ಕದಾಗೆ ಕಾವಲು ಕೂತಿದ್ದೋನು ನಾನು."

ಆ ಮಾತು ಕೇಳಿ ನನ್ನ ಸಿಟ್ಟು ಇಳಿಯಲಿಲ್ಲ, ಹೆಚ್ಚಾಯಿತು. ಯಾರೋ ಮಾಡಿದ್ದಕ್ಕೆ ನನ್ನ ಹಗಲು ಹೋಗಿತ್ತು, ಮತ್ತು ಅದನ್ನು ಈತನ ಮುಖದೆದುರು ಹೇಳುವ ಹಾಗೂ ಇರಲಿಲ್ಲ.

ಸಂಜೆ ಡ್ಯೂಟಿ ಬದಲಿಸುವವನು ಬಂದ ಮೇಲೆ ಆತನೇ ವಾಲ್‌ಟ್ಯೂಬ್ ಹಾಕಿ, ಬಂದವನ ಪಂಪಿನಿಂದ ಏದುಸಿರು ಬಿಡುತ್ತ ಗಾಳಿ ತುಂಬಿದ. ರಸ್ತೆಯವರೆಗೆ ಜೊತೆಯಲ್ಲಿ ನಡೆದು ಬಂದ.

"ರೋಡಾಗೇ ಓಗು. ಅಳಿ ಪಕ್ಕ ಬ್ಯಾಡ."

ಆ ರಸ್ತೆಯಲ್ಲಿ ಪೂರ್ವಕ್ಕೂ ತಿರುಗಬಹುದಿತ್ತು. ಇಡೀ ರಾತ್ರಿ ಬಾಕಿ ಇತ್ತು, ತಡೆಯುವವರೂ ಇರಲಿಲ್ಲ. ನಾನು ಬಂಗಾರಪೇಟೆಯ ಕಡೆಗೆ ತಿರುಗಿದೆ. ಹಿಂದಿರುಗಿ ನೋಡಿದರೆ ಆತ ಅಲ್ಲೇ ನಿಂತಿದ್ದ. ಸ್ವಲ್ಪ ಹೊತ್ತು ತುಳಿದು ಮತ್ತೆ ನೋಡಿದೆ, ಇನ್ನೂ ನಿಂತಿದ್ದ. ರೇಗಿ ಹೋಯಿತು. ಕೊನೆಗೆ, ಆತ ಮನೆಗೆ ಹೋಗಲಿ ಎಂದು, ಕೈ ಎತ್ತಿ ಆಡಿಸಿದೆ.

ಸೋಮವಾರ ಸಮುದ್ರ ನೋಡದೆಯೇ ಗಣಿಗೆ ಇಳಿದೆ. ಆ ಸಿಟ್ಟು ಪೂರ್ತಿ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.