‘ಎದ್ದವರು’ ಬರೆದ ಸಿಸ್ಟರಮ್ಮ

ಯಾರ ಮನೆಗೆ ಹೋದರೂ ಹುಲಿಗೆಮ್ಮ ಸಿಸ್ಟರ್ ಮೊದಲು ನೋಡುತ್ತಿದ್ದುದು ಹಿತ್ತಲ ಬಾಗಿಲನ್ನು. ಕಾಲು ತೊಳೆಯಲು ನೀರು ಕೊಟ್ಟರೆ ಚೊಂಬು ಹಿಡಿದುಕೊಂಡೇ ನಡುಮನೆ ದಾಟಿ, ಅಡುಗೆಮನೆ ಹಾಯ್ದು, ಹಿತ್ತಲಿಗೊಮ್ಮೆ ಇಣುಕಿ ಬಂದ ಮೇಲೆಯೇ ಕುಳಿತುಕೊಳ್ಳುವುದು. ಬಳ್ಳಾರಿಯ ಪಾರ್ವತಿನಗರದ ನಮ್ಮ ಬಾಡಿಗೆ ಮನೆಗೆ ಮೊದಲ ಸಲ ಬಂದಾಗಲೂ ಹಾಗೇ ಮಾಡಿದರು. ನನ್ನ ಹೆಂಡತಿ ಗಾಬರಿಯಿಂದ ನನ್ನ ಮುಖ ನೋಡಿದಳು.

“ಏನಿಲ್ಲವ್ವ, ಚಿಲಕ ಸಡಿಲ ಐತಿ. ಒಂದು ಮೊಳಿ ಬಡಿಸಿಬಿಡು,” ಎಂದು ಸಿಸ್ಟರ್ ಚಾಪೆಯ ಮೇಲೆ ಕುಳಿತು ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿನ್ನತೊಡಗಿದರು.

ಅವರು ಸರ್ಕಾರಿ ಆರೋಗ್ಯ ಇಲಾಖೆಯ ನರ್ಸು. ಸಿಡುಬು ಇನ್ನೂ ಇದ್ದ ಕಾಲದಲ್ಲಿ ಚುಚ್ಚುಮದ್ದಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳನ್ನೆಲ್ಲ ನಡೆದೇ ಸುತ್ತಿದವರು. ಎತ್ತರದ ಆಳು, ಎಣ್ಣೆಗಪ್ಪು ಬಣ್ಣ, ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದರೆ ದಾರಿಯಲ್ಲಿ ಎತ್ತುಗಳೂ ಪಕ್ಕಕ್ಕೆ ಸರಿಯುತ್ತಿದ್ದವು. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬೈಯಬಲ್ಲವರಾಗಿದ್ದರು. ಮದುವೆಯಾದ ಎರಡನೇ ವರ್ಷವೇ ಗಂಡ ತೀರಿಕೊಂಡಿದ್ದರು. ಹಳ್ಳಿಯವರಿಗೆ ಅವರು ಸಿಸ್ಟರಮ್ಮ. ನನಗೂ ಹಾಗೇ ರೂಢಿಯಾಯಿತು.

ಎಪ್ಪತ್ತರ ದಶಕದ ಕೊನೆಗೆ ಅವರಿಗೆ ಬಳ್ಳಾರಿಗೆ ವರ್ಗವಾಗಿತ್ತು. ನಾನಾಗ ಒಂದು ವಾರಪತ್ರಿಕೆಯಲ್ಲಿ ಉಪಸಂಪಾದಕ. ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಕುದುರೆಲಾಯವೇ ನಮ್ಮ ಕಚೇರಿ. ಒಂದು ದಿನ ಮಧ್ಯಾಹ್ನ ಅವರು ದೊಡ್ಡದೊಂದು ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರು. ಬಿಚ್ಚಿದರೆ ಸಿಡುಬಿನ ಪೋಸ್ಟರುಗಳು. ಒಂದು ಬದಿಗೆ ಮೈತುಂಬ ಬೊಕ್ಕೆಯೆದ್ದ ಕೂಸಿನ ಚಿತ್ರ; ಇನ್ನೊಂದು ಬದಿಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಕಾದಂಬರಿ. ಹೆಸರು ‘ಎದ್ದವರು’.

ಸಂಪಾದಕ ಪಂಪಾಪತಯ್ಯನವರು ಎರಡು ಹಾಳೆ ಓದಿ ಕನ್ನಡಕ ತೆಗೆದರು. “ಏನಮ್ಮ ಇದು, ಹೆಣ ಎದ್ದು ಬರ್ತಾವೇನು?”

“ಬರಂಗಿಲ್ರಿ. ಬಂದ್ರ ಅಂತ ಬರದೀನಿ. ಬಂದ್ರ ಸಿರುಗುಪ್ಪದಾಗ ಯಾವ ಬಾಗಿಲು ಹಾಕ್ತಾರ, ಯಾವುದು ಮರೀತಾರ, ಬಳ್ಳಾರಿ ಮಂದಿ ಯಾರನ್ನ ಒಳಗ ಬಿಡ್ತಾರ, ಯಾರನ್ನ ಬಿಡಂಗಿಲ್ಲ, ಅದು ಕತಿ.”

“ದೆವ್ವದ ಕತಿ ಅನ್ರಿ.”

“ದೆವ್ವ ಅಲ್ರಿ ಸರ್, ರೋಗ. ಲಿಂಬಿಹಣ್ಣಿಗೆ ಹೆದರಂಗಿಲ್ಲ, ಮಂತ್ರಕ್ಕ ಬಗ್ಗಂಗಿಲ್ಲ. ಕಾಲುವಿ ನೀರಿನಾಗ ಬರ್ತೈತಿ, ಮೂರು ದಿನ ಜ್ವರ, ಸಾವು, ಆಮ್ಯಾಲ ಏಳೋದು.”

ಅಂದು ಪಂಪಾಪತಯ್ಯನವರಿಗೆ ಹಬ್ಬದ ಸಂಚಿಕೆಯ ಮುಂದಿನ ವಾರಕ್ಕೆ ನಾಲ್ಕು ಪುಟ ಖಾಲಿ ಉಳಿದಿದ್ದವು. ಅದೇ ‘ಎದ್ದವರು’ ಧಾರಾವಾಹಿ ಶುರುವಾಗಲು ಕಾರಣ; ಸಾಹಿತ್ಯಪ್ರೇಮ ಅಲ್ಲವೆಂದು ಅವರೇ ಆಮೇಲೆ ಒಪ್ಪಿಕೊಂಡರು.

ಮೂರನೇ ಕಂತಿನ ಹೊತ್ತಿಗೆ ಪತ್ರಗಳು ಬರತೊಡಗಿದವು. ಅವನ್ನು ಒಡೆದು ಓದುವುದು ನನ್ನ ಕೆಲಸ. ಮೊದಲು ದಿನಕ್ಕೊಂದು, ಆಮೇಲೆ ಅಂಚೆಯವನು ದಾರ ಕಟ್ಟಿ ತರುವಷ್ಟು. ಕೆಲವರು ತೆಲುಗು ಲಿಪಿಯಲ್ಲಿ ಕನ್ನಡ ಬರೆದಿದ್ದರು. ಸಿಸ್ಟರಮ್ಮ ವಾರಕ್ಕೊಮ್ಮೆ ಬಂದು ಕಟ್ಟು ಬಿಚ್ಚುವರು. “ಬಹಳ ಸೊಗಸಾಗಿದೆ” ಎಂದು ಶುರುವಾದ ಕಾಗದವನ್ನು ಎರಡನೇ ಸಾಲಿಗೇ ಮಡಚಿಡುವರು.

“ಹೊಗಳಿಕಿ ಇಟಗೊಂಡು ಏನ್ ಮಾಡಲಪ್ಪ? ಎಲ್ಲಿ ತಪ್ಪೈತಿ ಅಂದವ್ರ ಕಾಗದ ಕೊಡು.”

ಅಂಥವು ಬೇಕಾದಷ್ಟಿದ್ದವು. ಚರ್ಮ ಹದಮಾಡುವ ಕೆಲಸದ ಒಬ್ಬರು ಬಳ್ಳಾರಿಯಿಂದ ಬರೆದಿದ್ದರು: “ಅಮ್ಮಾರೇ, ನಮ್ಮ ಬ್ಯಾಸಗಿಯಾಗ ಸತ್ತ ಎಮ್ಮಿ ಎರಡು ದಿನಕ್ಕ ಏನಾಗ್ತೈತಿ ಅಂತ ನನಗ ಗೊತ್ತು. ನಿಮ್ಮ ಹೆಣ ಹದಿನೈದು ದಿನ ಹ್ಯಾಂಗ ತಿರುಗ್ಯಾಡ್ತಾವ?” ಸಿಸ್ಟರಮ್ಮ ತೊಡೆ ತಟ್ಟಿ ನಕ್ಕರು. ಬರೆಯುವಾಗ ಹೊಳೆಯದ್ದು ಈಗ ಹೊಳೆಯಿತೆಂದು ಅಲ್ಲೇ ಕುಳಿತು ಮುಂದಿನ ಕಂತನ್ನು ಬದಲಿಸಿದರು. ಎದ್ದವರು ಬಿಸಿಲಿಗೆ ಮೂರನೇ ದಿನ ಕುಸಿದುಬೀಳುತ್ತಾರೆ. ಊರವರು ಮೂರು ದಿನ ತಡೆದುಕೊಂಡರೆ ಸಾಕು. ಜೀವನವಿಡೀ ಬೈಸಿಕೊಂಡ ಬಳ್ಳಾರಿಯ ಬಿಸಿಲು ಹೀಗೆ ನಮ್ಮ ಕಡೆಯ ಸೈನ್ಯವಾಯಿತು. ಪಾರ್ವತಿನಗರದ ಒಬ್ಬ ಗೃಹಿಣಿ ಬರೆದದ್ದು ಎರಡೇ ಸಾಲು: “ನಿಮ್ಮ ಕತೆಯಲ್ಲಿ ಗಂಡಸರು ಕಾವಲು ಕಾಯುತ್ತಾರೆ, ಹೆಂಗಸರು ರೊಟ್ಟಿ ಬಡಿಯುತ್ತಾರೆ. ನೀವು ಹೆಂಗಸರಲ್ಲವೆ?” ಅದನ್ನು ಓದಿ ಮಾತ್ರ ಸಿಸ್ಟರಮ್ಮ ನಗಲಿಲ್ಲ. “ಹೌದಲ್ಲ,” ಎಂದು ಆ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಎರಡು ವಾರದ ನಂತರ ಕಾದಂಬರಿಗೆ ಒಬ್ಬ ಮುದುಕಿ ಬಂದಳು. ಕೊನೆಯವರೆಗೂ ಬಾಗಿಲು ಕಾದವಳು ಅವಳೇ.

ಖಾಸಿಂಸಾಬ್ ಎಂಬ ಲಾರಿ ಡ್ರೈವರು ಸಿರುಗುಪ್ಪದಿಂದ ಬರೆದ ಕಾಗದಕ್ಕಾಗಿ ನಾವಿಬ್ಬರೂ ಬಸ್ಸು ಹತ್ತಬೇಕಾಯಿತು. ಕಾದಂಬರಿಯಲ್ಲಿ ಜನ ಅಕ್ಕಿ ಗಿರಣಿಯೊಳಗೆ ಸೇರಿಕೊಂಡು ಗೇಟು ಹಾಕಿಕೊಳ್ಳುತ್ತಾರೆ. ಆ ಗೇಟನ್ನು ಒಬ್ಬರೇ ಎಳೆಯಲಾಗದು, ಮೂವರು ಬೇಕು, ನಡೆದುಕೊಂಡು ಬರುವ ಹೆಣ ಅಷ್ಟರಲ್ಲಿ ಒಳಗೆ ಬಂದಿರುತ್ತದೆ ಎಂಬುದು ಅವರ ತಕರಾರು.

ಗಿರಣಿಯ ಅಂಗಳದಲ್ಲಿ ಭತ್ತ ಹರಡಿತ್ತು. ಖಾಸಿಂಸಾಬರು ಗೇಟಿನ ಬಳಿ ನಿಂತರು. ಸಿಸ್ಟರಮ್ಮ ರಸ್ತೆಯಾಚೆಯ ಬೇವಿನಮರದ ಹತ್ತಿರ ಹೋಗಿ, ಚಪ್ಪಲಿ ಬಿಟ್ಟು, ಕುತ್ತಿಗೆ ವಾರೆ ಮಾಡಿ, ಮೊಣಕಾಲು ಬಗ್ಗಿಸದೆ ನಡೆಯತೊಡಗಿದರು. ಬಿಳಿ ಸೀರೆ, ಕಣ್ಣು ನೆಟ್ಟಗೆ. ಭತ್ತ ತಿರುವುತ್ತಿದ್ದ ಹೆಂಗಸೊಬ್ಬಳು “ಅಯ್ಯೋ ನಮ್ಮವ್ವ!” ಎಂದು ಮೊರ ಎಸೆದು ಓಡಿದಳು. ಹಮಾಲರು ಚೀಲ ಬಿಟ್ಟು ಓಡಿದರು. ಖಾಸಿಂಸಾಬರು ಗೇಟನ್ನು ಅರ್ಧ ಎಳೆಯುವಷ್ಟರಲ್ಲಿ ಸಿಸ್ಟರಮ್ಮ ಅವರ ತೋಳು ಹಿಡಿದಿದ್ದರು.

“ನೀವು ಹೇಳಿದ್ದು ಖರೆ ಐತ್ರಿ, ಸಾಬ್ರ,” ಎಂದರು ಏದುಸಿರಿನಲ್ಲಿ. “ನೀವು ಸತ್ರಿ.”

“ಸತ್ತೆ ಬಿಡಮ್ಮ,” ಎಂದು ಖಾಸಿಂಸಾಬರು ಗಹಗಹಿಸಿದರು. ಓಡಿದವರೆಲ್ಲ ತಿರುಗಿ ಬಂದು ಸಿಸ್ಟರಮ್ಮನಿಗೆ ಚಹಾ ಕುಡಿಸಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದೆ, “ಇಂಥಾ ಕತಿ ಯಾಕ ಬರೀಬೇಕು ಅನಿಸ್ತು, ಸಿಸ್ಟರ್?”

ಅವರು ಕಿಟಕಿಯತ್ತ ತಿರುಗಿ ಹೇಳಿದರು. “ಕುರುಗೋಡಿನಾಗ ಒಂದು ಮನಿ. ನಾನು ಮುಂದಿನ ಬಾಗಿಲಾಗ ನಿಂತು ಚುಚ್ಚುಮದ್ದು ಯಾಕ ಬೇಕು ಅಂತ ಹೇಳಾಕ ಹತ್ತೀನಿ. ಆ ತಾಯಿ ಹ್ಞೂಂ ಹ್ಞೂಂ ಅಂತಾಳ. ಹಿತ್ತಲ ಬಾಗಿಲಿಂದ ಅತ್ತಿ ಕೂಸನ್ನ ಎತ್ತಿಕೊಂಡು ಹೊಲಕ್ಕ ಹೋಗಿಬಿಟ್ಟಾಳ. ಇಪ್ಪತ್ತು ದಿನಕ್ಕ ಆ ಕೂಸು ಹೋತು. ಹೆಣ್ಣು ಕೂಸು. ನಾನು ಹೇಳಿದ್ದೆಲ್ಲ ಖರೇನ ಇತ್ತು ತಮ್ಮಾ. ಖರೆ ಇದ್ರ ಸಾಲಂಗಿಲ್ಲ, ಮಂದಿ ಕಣ್ಣಿಗೆ ಕಾಣಬೇಕು.”

ಇಷ್ಟೆಲ್ಲದರ ನಡುವೆ ಕಷ್ಟವೂ ಶುರುವಾಗಿತ್ತು. ಊರಿನ ನಿವೃತ್ತ ಕನ್ನಡ ಪಂಡಿತರೊಬ್ಬರು ಪ್ರತಿ ಕಂತಿಗೂ ಎರಡು ಹಾಳೆ ಖಂಡನೆ ಬರೆಯುತ್ತಿದ್ದರು. ಹೆಣಗಳ ಮೆರವಣಿಗೆ ಸಾಹಿತ್ಯವಲ್ಲ, ಇಂಥದ್ದನ್ನು ಅಚ್ಚುಹಾಕುವ ಪತ್ರಿಕೆ ಮನೆಯೊಳಗೆ ಬರಬಾರದು, ಎಂದು. ಅವರ ಮಾತಿಗೆ ಬಳ್ಳಾರಿಯಲ್ಲಿ ತೂಕವಿತ್ತು. ಅವರ ಶಿಷ್ಯರು ಒಬ್ಬೊಬ್ಬರಾಗಿ ಚಂದಾ ನಿಲ್ಲಿಸತೊಡಗಿದರು. ಪಂಪಾಪತಯ್ಯನವರು ಸಿಸ್ಟರಮ್ಮನನ್ನು ಕರೆಸಿ, ಮುಂದಿನ ವಾರಕ್ಕೆ ಮುಗಿಸಿಬಿಡಿ ಎಂದರು. ಕತೆ ಇನ್ನೂ ಅರ್ಧಕ್ಕೇ ಇತ್ತು.

“ಓದೋರು ಬ್ಯಾಡ ಅಂದ್ರ ನಾನ ನಿಲ್ಲಸ್ತೀನ್ರಿ,” ಎಂದರು ಅವರು. “ಆದ್ರ ಓದೋರನ್ನ ಒಂದು ಸಲ ಕೇಳ್ರಿ. ಎಲ್ಲಾರೂ ಕೂಡಿದ ಕಡೆ, ಎದುರಾ ಎದುರ.”

ಒಂದು ಭಾನುವಾರ ಬೆಳಿಗ್ಗೆ ಕುರುಗೋಡಿನ ಶಾಲೆಯಲ್ಲಿ ಓದುಗರ ಸಭೆ ಕರೆದೆವು. ಊರನ್ನು ಆರಿಸಿದ್ದು ಸಿಸ್ಟರಮ್ಮನೇ. ಮೂವತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆವು. ಕೋಣೆ ತುಂಬಿ, ಕಿಟಕಿ ಸರಳು ಹಿಡಿದು ಜನ ನಿಂತರು. ಖಾಸಿಂಸಾಬರು ಲಾರಿಯಲ್ಲಿ ಸಿರುಗುಪ್ಪದವರನ್ನು ಕರೆತಂದಿದ್ದರು. ಪಂಡಿತರೂ ಬಂದರು, ಜರತಾರಿ ಶಲ್ಯ ಹೊದ್ದು. ಸಿಸ್ಟರಮ್ಮ ವೇದಿಕೆ ಹತ್ತಲು ಒಪ್ಪದೆ ಹಿಂದಿನ ಬೆಂಚಿನಲ್ಲಿ ಕುಳಿತರು.

ಪಂಡಿತರೇ ಮೊದಲು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. “ಸಾಹಿತ್ಯ ಬದುಕನ್ನು ತೋರಿಸಬೇಕು. ಸತ್ತವರು ಏಳುವುದು ಬದುಕಿನಲ್ಲಿ ಇಲ್ಲ. ಇಲ್ಲದ ಭಯವನ್ನು ಜನರ ಮನೆಗೆ ತಂದುಹಾಕುವುದು ಬರಹಗಾರರ ಧರ್ಮವಲ್ಲ.” ಮುಂದಿನ ಸಾಲುಗಳಲ್ಲಿ ಕೆಲವರು ತಲೆದೂಗಿದರು. ಒಬ್ಬ ಮೇಷ್ಟರು ಎದ್ದು, ತನಗೆ ಓದಿದ ರಾತ್ರಿ ನಿದ್ದೆ ಬರುವುದಿಲ್ಲವೆಂದರು. ಹಾಗಾದರೆ ಯಾಕೆ ಓದುತ್ತೀರಿ ಎಂದು ಯಾರೋ ಕೇಳಿದಾಗ ನಗುತ್ತ ಕುಳಿತರು. ಮಾತು ಅತ್ತಿಂದಿತ್ತ ಹೊಯ್ದಾಡಿತು. ಪಂಪಾಪತಯ್ಯನವರು ಗಡಿಯಾರ ನೋಡಿಕೊಂಡರು.

ಆಗ ಹೊರಗೆ ಟ್ರ್ಯಾಕ್ಟರಿನ ಸದ್ದು. ಹತ್ತು ಹನ್ನೆರಡು ಹೆಂಗಸರು ಇಳಿದು ಒಳಗೆ ಬಂದರು. ಸಿರುಗುಪ್ಪ ಕಡೆಯ ರಾರಾವಿ ಎಂಬ ಹಳ್ಳಿಯವರು. ಮುಂದಿದ್ದ ಮುದುಕಿ ಯಂಕಮ್ಮ, ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು ಕೇಳಿದಳು, “ಇಲ್ಲಿ ಕತಿ ಪಂಚಾಯ್ತಿ ನಡ್ಯಾಕ ಹತ್ತೈತೇನ್ರಿ? ನಾನೂ ಒಂದು ಮಾತು ಆಡಬಹುದೇನು? ನನಗ ಓದಾಕ ಬರಂಗಿಲ್ಲ. ನಮ್ಮ ಓಣಿಯಾಗ ಒಬ್ರು ಓದ್ತಾರ, ಎಲ್ಲಾರೂ ಕೇಳ್ತೀವಿ.”

ಆಡಿರಿ ಎಂದರು ಎಲ್ಲರೂ.

“ಹಿಂದಿನ ತಿಂಗಳು ನಮ್ಮೂರಾಗ ವಾಂತಿ-ಭೇದಿ ಬಂತು. ಮಳಿಗೆ ದಾರಿ ಕಿತ್ತು ಡಾಕ್ಟರು ಬರೋದು ಮೂರು ದಿನ ಆತು. ಪತ್ರಿಕಿಯಾಗ ಕಾಲುವಿ ನೀರು ಕುಡಿದವ್ರು ಎದ್ರು, ಕಾಸಿ ಕುಡಿದವ್ರು ಉಳಿದ್ರು ಅಂತ ಬಂದಿತ್ತು. ನಾವು ಹೆಂಗಸ್ರು ಕೂಡಿ ಇಡೀ ಊರಿನ ನೀರು ಕಾಸಿದ್ವಿ. ಬ್ಯಾನಿ ಬಿದ್ದವ್ರಿಗೆ ಕತಿಯಾಗ ಕುಡಿಸಿದಂಗ ಉಪ್ಪು-ಬೆಲ್ಲದ ನೀರು ಕುಡಿಸಿದ್ವಿ. ಇಪ್ಪತ್ತು ಮಂದಿ ಮಲಗಿದ್ರು. ಇಪ್ಪತ್ತೂ ಮಂದಿ ಎದ್ರು.” ಅವಳು ನಕ್ಕಳು. “ಸತ್ತು ಎದ್ದಿಲ್ರೀ. ಜೀವಂತ ಎದ್ದಾರ. ಇಬ್ರು ಇಲ್ಲೇ ಅದಾರ, ನೋಡ್ರಿ.”

ಕೋಣೆಯಲ್ಲಿ ಚಪ್ಪಾಳೆ ಬಿದ್ದಿತು. ಸಿಸ್ಟರಮ್ಮ ಹಿಂದೆ ಎದ್ದು ನಿಂತಿದ್ದರು. ಅವರಿಗೆ ಈ ಸುದ್ದಿ ಗೊತ್ತಿರಲಿಲ್ಲ.

ಯಂಕಮ್ಮ ಅವರತ್ತ ತಿರುಗಿದಳು. “ಈ ಸಿಸ್ಟರಮ್ಮ ಮೊದಲು ಹತ್ತು ಸಲ ನಮ್ಮೂರಿಗೆ ಬಂದು ನೀರು ಕಾಸ್ರಿ ಅಂದಿದ್ಳು. ಹ್ಞೂಂ ಅಂದ್ವಿ, ಕಾಸಲಿಲ್ಲ. ಕತಿ ಕೇಳಿ ಕಾಸಿದ್ವಿ.”

ಪಂಡಿತರು ಗಂಟಲು ಸರಿಮಾಡಿಕೊಂಡರು. ಅವರದೂ ಸಣ್ಣ ಮನಸ್ಸಲ್ಲ. “ಸಂತೋಷ ತಾಯಿ. ಹಾಗಾದರೆ ಇದು ಒಳ್ಳೆಯ ಆರೋಗ್ಯ ಪ್ರಚಾರ ಎಂದು ಒಪ್ಪುತ್ತೇನೆ. ಸಾಹಿತ್ಯ ಎನ್ನಲಾರೆ.”

“ನೀವಂದಿದ್ದು ನನಗ ತಿಳಿಯಂಗಿಲ್ರಿ ಸ್ವಾಮಿ,” ಎಂದಳು ಯಂಕಮ್ಮ. “ಬರೇ ಔಷಧಿ ಮಾತಾಗಿದ್ರ ನಾವ್ಯಾಕ ಅಳ್ತಿದ್ವಿ? ಆ ಮುದುಕಿ ಗಂಡ ಎದ್ದು ಬಂದು ಬಾಗಿಲು ಬಡೀತಾನ. ಐವತ್ತು ವರ್ಷ ಬಾಳಿದಾಕಿ ಒಳಗ ಅಗಳಿ ಹಿಡಕೊಂಡು ಕುಂತಾಳ. ಮೊಮ್ಮಕ್ಕಳು ಒಳಗ ಮಲಗ್ಯಾವ. ತೆಗೀಲಿಲ್ಲ. ಅವತ್ತು ನಮ್ಮ ಓಣಿಯಾಗ ಒಬ್ರೂ ಉಣಲಿಲ್ರಿ.”

ಪಂಡಿತರು ಶಲ್ಯದ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತರು. ಆಮೇಲೆ, ಮೆಲ್ಲಗೆ, ಯಾರನ್ನು ಕೇಳುತ್ತಿದ್ದಾರೋ ತಿಳಿಯದಂತೆ ಕೇಳಿದರು:

“ಬೆಳಗಾದ ಮೇಲೆ ಆಕೆ ಬಾಗಿಲು ತೆಗೆದಳೆ?”

ಖಾಸಿಂಸಾಬರು ಮೊದಲು ನಕ್ಕರು. ಹಿಂದೆಯೇ ಇಡೀ ಕೋಣೆ, ಕಿಟಕಿ, ಜಗಲಿ ಎಲ್ಲ ನಕ್ಕಿತು. ಪಂಡಿತರೂ ನಕ್ಕರು, ಕಣ್ಣೊರೆಸಿಕೊಂಡರು. ಸಿಸ್ಟರಮ್ಮ ಹಿಂದಿನ ಬೆಂಚಿನಿಂದಲೇ ಕೂಗಿ ಹೇಳಿದರು, “ಮುಂದಿನ ವಾರ ನೋಡ್ರಿ, ಸರ್!” ಪಂಪಾಪತಯ್ಯನವರು ಬಗ್ಗಿ ನನ್ನ ಕಿವಿಯಲ್ಲಿ, “ನಾಲ್ಕು ಪುಟ ಸಾಲಂಗಿಲ್ಲ, ಆರು ಕೊಡು,” ಎಂದರು.

ಧಾರಾವಾಹಿ ಮುಗಿದು ಪುಸ್ತಕವಾಗುವಾಗ ಮುನ್ನುಡಿ ಯಾರಿಂದ ಬರೆಸುವುದು ಎಂಬ ಪ್ರಶ್ನೆ ಬಂತು. ಸಿಸ್ಟರಮ್ಮ ಮುನ್ನುಡಿಯೇ ಬೇಡವೆಂದರು. ಬದಲಿಗೆ ಓದುಗರ ಪತ್ರಗಳನ್ನು ಹಾಕಿಸಿದರು. ಎಲ್ಲಕ್ಕಿಂತ ಮೊದಲು ಪಂಡಿತರ ಖಂಡನೆ, ಒಂದಕ್ಷರ ಬಿಡದೆ. “ಬಾಗಿಲಾಗ ತಡದವ್ರನ್ನ ದಾಟಿ ಒಳಗ ಬರಲಿ ಓದೋರು,” ಎಂದರು. ಪಂಡಿತರು ಆ ಪ್ರತಿಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ.

ನಿವೃತ್ತರಾದ ಮೇಲೆ ಅವರು ಸಿರುಗುಪ್ಪದಲ್ಲಿ ತಂಗಿಯ ಜೊತೆ ಇದ್ದರು. ಎಂಬತ್ತರ ದಶಕದ ನಡುವೆ ಒಂದು ಸಲ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದಾಗ ಅಲ್ಲಿನ ಗ್ರಂಥಾಲಯದ ಮೆಟ್ಟಿಲ ಮೇಲೆ ಸಿಕ್ಕರು. ತೆಳ್ಳಗಾಗಿದ್ದರು, ಕೈಯಲ್ಲಿ ಕೋಲಿತ್ತು. ಮುಖ ಮಾತ್ರ ಪರೀಕ್ಷೆ ಪಾಸಾದ ಹುಡುಗಿಯಂತೆ.

“ನನ್ನ ಪುಸ್ತಕ ನಾನ ಇನ್ನೊಂದು ಸಲ ಓದಬೇಕು ಅನ್ನಿಸ್ತು ತಮ್ಮಾ. ಇದ್ದವೆಲ್ಲಾ ಮಂದಿಗೆ ಕೊಟ್ಟುಬಿಟ್ಟೀನಿ. ಇಲ್ಲಿ ಕೇಳಿದ್ರ, ಅದು ಕಪಾಟಿನಾಗ ನಿಲ್ಲಂಗ ಇಲ್ಲ, ಹೆಸರು ಬರಸಿ ಹೋಗ್ರಿ ಅಂದ. ಬರಸಿದೆ. ಏಳನೇ ನಂಬರು!”

“ನಾನೇ ಬರೆದದ್ದು ಅಂತ ಹೇಳಬೇಕಿತ್ತು. ಮೊದಲು ನಿಮಗೇ ಕೊಡುತ್ತಿದ್ದರು.”

“ಹುಚ್ಚದೀಯೇನು? ನನ್ನ ಮುಂದ ಆರು ಮಂದಿ ಅದಾರೋ!” ಎಂದು ಕೋಲೆತ್ತಿ, ಬಿಸಿಲಿಗೆ ಸೆರಗು ತಲೆಗೆಳೆದುಕೊಂಡು ನಡೆದೇಬಿಟ್ಟರು.

ಎರಡು ತಿಂಗಳಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಿದ್ದವನು ಗ್ರಂಥಾಲಯಕ್ಕೂ ಹೋಗಿ ವಿಚಾರಿಸಿದೆ. ಪುಸ್ತಕ ಐದನೆಯವರ ಮನೆಯಲ್ಲಿತ್ತು. ಸಿಸ್ಟರಮ್ಮನ ಹೆಸರಿನ ಕೆಳಗೆ ಇನ್ನೂ ಒಂಬತ್ತು ಹೆಸರಿದ್ದವು.