ಎಡಗೈ ಸುತ್ತು

ಬೀದಿಯವರೆಲ್ಲ ಅವಳನ್ನು ತಂತಿಯಕ್ಕ ಎನ್ನುತ್ತಿದ್ದರು. ಮೊದಲು ಮೋಟರ್ ರಿಪೇರಿ ಅಂಗಡಿಯಲ್ಲಿ ಕಾಯಿಲ್ ಸುತ್ತುತ್ತಿದ್ದಳು. ಅಂಗಡಿ ಮುಚ್ಚಿದ ಮೇಲೂ ಅವಳ ಬೆರಳುಗಳಿಗೆ ಸುಮ್ಮನಿರಲು ಬರಲಿಲ್ಲ. ಬಣ್ಣದ ಕಲ್ಲುಗಳಿಗೆ ತಾಮ್ರದ ತಂತಿ ಸುತ್ತಿ ಪೆಂಡೆಂಟ್ ಮಾಡತೊಡಗಿದಳು. ನಮಗೂ ಹೇಳಿಕೊಡಿ ಎಂದು ಅಕ್ಕಪಕ್ಕದ ಹೆಂಗಸರು ದುಂಬಾಲು ಬಿದ್ದರು. ಹಾಗೆ ಅವಳ ನಡುಮನೆಯಲ್ಲಿ ಭಾನುವಾರದ ಕ್ಲಾಸು ಶುರುವಾಯಿತು.

ಬೇಕರಿಯಮ್ಮ ಮಾತ್ರ ಮೊದಲ ದಿನ ಬಾಗಿಲಲ್ಲೇ ನಿಂತಳು. "ನಾನು ಎಡಚಿ ಅಕ್ಕ. ಹೊಲಿಗೆ ಕ್ಲಾಸಿಂದ ನಿಂಗೆ ಬರಲ್ಲ ಹೋಗು ಅಂತ ಕಳಿಸಿಬಿಟ್ರು."

"ಕತ್ತರಿ ಕೇಳತ್ತೆ ಎಡಾನಾ ಬಲಾನಾ ಅಂತ. ತಂತಿ ಕೇಳಲ್ಲ. ಬಾಮ್ಮ, ಕೂತ್ಕೋ."

ಉಳಿದವರಿಗೆ ಪಕ್ಕದಲ್ಲಿ ಕೂತು ತೋರಿಸುತ್ತಿದ್ದ ತಂತಿಯಕ್ಕ ಇವಳ ಎದುರಿಗೆ ಕೂತಳು. ಬೇಕರಿಯಮ್ಮ ಕನ್ನಡಿ ನೋಡಿದಂತೆ ಅವಳ ಕೈ ನೋಡುತ್ತ ಸುತ್ತಿದಳು. ಸಂಜೆಗೆ ಹಸಿರು ಕಲ್ಲಿನ ಪೆಂಡೆಂಟೊಂದು ತಯಾರಾಯಿತು. ಸುತ್ತುಗಳು ಒಂದರ ಮೇಲೊಂದು ಹತ್ತಿದ್ದವು, ಮೇಲಿನ ಕೊಂಡಿ ಕತ್ತು ಹೊರಳಿಸಿತ್ತು. ಆದರೆ ಕಲ್ಲು ಒಂದಿಷ್ಟೂ ಅಲುಗುತ್ತಿರಲಿಲ್ಲ. ಕೊಂಡಿಯನ್ನು ಮುಂದಿನ ವಾರ ತಾನೇ ನೇರ ಮಾಡುವುದಾಗಿ ಹೇಳಿ, ಎಲ್ಲರಂತೆ ಅವಳೂ ಅದನ್ನು ಕಿಟಕಿಯ ತಟ್ಟೆಯಲ್ಲಿ ಬಿಟ್ಟು ಹೋದಳು.

ಮುಂದಿನ ಭಾನುವಾರ ಅದನ್ನು ಕೈಗೆತ್ತಿಕೊಂಡವಳ ಮುಖ ಸಣ್ಣದಾಯಿತು.

"ಇದು ನಂದಲ್ಲ."

ತಂತಿಯಕ್ಕ ಇಸಿದುಕೊಂಡು ನೋಡಿದಳು. ಕಲ್ಲು ಅದೇ. ಆದರೆ ಸುತ್ತುಗಳು ಈಗ ಅಚ್ಚುಕಟ್ಟಾಗಿ, ವಿರುದ್ಧ ದಿಕ್ಕಿಗೆ ಹೋಗಿದ್ದವು. ಬಲಗೈಯವರು ಸುತ್ತಿದ್ದು.

"ನನ್ನ ಕೆಲಸ ಅಷ್ಟು ಕೆಟ್ಟದಾಗಿದ್ರೆ ಮುಖಕ್ಕೇ ಹೇಳಬಹುದಿತ್ತಲ್ಲ ಅಕ್ಕ," ಎಂದು ಬೇಕರಿಯಮ್ಮ ಚಪ್ಪಲಿ ಹುಡುಕತೊಡಗಿದಳು.

ತಂತಿಯಕ್ಕ ಅಡುಗೆಮನೆಯ ಕಡೆ ತಿರುಗಿದಳು. ಅವಳನ್ನು ಬಿಟ್ಟರೆ ಆ ಮನೆಯಲ್ಲಿ ಇಕ್ಕಳ ಹಿಡಿದು ತಂತಿ ಸುತ್ತಲು ಗೊತ್ತಿದ್ದವಳು ಇನ್ನೊಬ್ಬಳೇ, ಅವಳ ಹಿರಿಯ ಓರಗಿತ್ತಿ. ಅವಳೀಗ ಎಲ್ಲರಿಗೂ ಟೀ ತರುತ್ತಿದ್ದಳು.

"ಅಕ್ಕಾ, ಇದನ್ನ ಬಿಚ್ಚಿದ್ದು ನೀವಾ?"

"ಮತ್ತೆ? ಕಾಗೆಗೂಡಿನ ಥರ ಇತ್ತು! ಅವಳು ಅದನ್ನ ಹಾಕ್ಕೊಂಡು ಬೇಕರಿ ಗಲ್ಲಾದಲ್ಲಿ ಕೂತು, ತಂತಿಯಕ್ಕನ ಹತ್ರ ಕಲಿತೆ ಅಂದ್ರೆ ನಿನ್ನ ಮಾನ ಏನಾಗಬೇಕು? ಒಳ್ಳೇದು ಮಾಡಿದ್ರೂ ತಪ್ಪು!"

ಓರಗಿತ್ತಿಗೆ ತಂತಿಯಕ್ಕ ಇದುವರೆಗೆ ಎದುರಾಡಿರಲಿಲ್ಲ. "ನನ್ನ ಮಾನ ಅವಳ ಕುತ್ತಿಗೇಲಿ ನೇತಾಡ್ತಿಲ್ಲ! ಬೆರಳು ಚುಚ್ಚಿಸ್ಕೊಂಡು ಮಾಡಿದ್ಲು ಪಾಪ. ನೀವು ಅದನ್ನ ಒರೆಸಿ ಹಾಕಿಬಿಟ್ರಿ. ಕೇಳಿದ್ರಾ ಅವಳನ್ನ? ನನ್ನನ್ನಾದ್ರೂ?"

"ಅಯ್ಯೋ, ಅದಕ್ಕಿಷ್ಟು ರಂಪಾನಾ! ಮತ್ತೆ ಬಿಚ್ಚಿಕೊಡ್ತೀನಿ ತಗೋ."

"ಬಿಚ್ಚಿ, ನೋಡೋಣ."

ಮತ್ತೆ ಮತ್ತೆ ಬಗ್ಗಿಸಿದ ತಾಮ್ರ ಪೆಡಸಾಗುತ್ತದೆ. ಓರಗಿತ್ತಿ ಎರಡನೆಯ ಸುತ್ತು ಎಳೆಯುವಷ್ಟರಲ್ಲಿ ತಂತಿ ಟಕ್ಕೆಂದು ಮುರಿದು, ಕಲ್ಲು ನೆಲಕ್ಕೆ ಬಿತ್ತು. ಯಾರೂ ಟೀ ಮುಟ್ಟಲಿಲ್ಲ.

ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ನಿಂತಿದ್ದ ಬೇಕರಿಯಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೆಲ್ಲಗೆ ಒಳಗೆ ಬಂದು ಕಲ್ಲನ್ನು ಹೆಕ್ಕಿಕೊಂಡಳು. ತಂತಿಯಕ್ಕ ಹೊಸ ತಂತಿಯ ಸುರುಳಿಯನ್ನೂ ತನ್ನ ಇಕ್ಕಳವನ್ನೂ ಅವಳ ಮುಂದೆ ಹಿಡಿದಳು.

"ಇಲ್ಲೇ ಕೂತು ಮಾಡಮ್ಮ."

"ಬೇಡ ಅಕ್ಕ, ಅಂಗಡೀಲಿ ಮಾಡ್ತೀನಿ. ಅಲ್ಲಿ ನಂಗೆ ಸಹಾಯ ಮಾಡೋರು ಯಾರೂ ಇಲ್ಲ," ಎಂದು ಬೇಕರಿಯಮ್ಮ ಅವೆರಡನ್ನೂ ತೆಗೆದುಕೊಂಡಳು. "ಭಾನುವಾರ ತಂದು ತೋರಿಸ್ತೀನಿ."

ಅವಳು ಹೋದ ಮೇಲೆ ಎದುರುಮನೆಯಾಕೆ ತನ್ನ ಪೆಂಡೆಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನಂದು ಇಷ್ಟು ನೀಟಾಗಿರಲಿಲ್ವಲ್ಲ... ನಂದೂನಾ?"

ಓರಗಿತ್ತಿ ಲೋಟಗಳನ್ನು ಎತ್ತಿಕೊಂಡು ಒಳಗೆ ನಡೆದಳು.

ತಂತಿಯಕ್ಕ ಕಿಟಕಿಯ ತಟ್ಟೆಯನ್ನು ಎಲ್ಲರ ನಡುವೆ ಕುಕ್ಕಿದಳು. "ಎಲ್ಲರೂ ನಿಮ್ಮ ನಿಮ್ಮದು ತಗೊಳ್ಳಿ. ಅರ್ಧ ಆಗಿರಲಿ, ಸೊಟ್ಟ ಆಗಿರಲಿ, ಇನ್ಮೇಲೆ ಯಾರ ಕೆಲಸಾನೂ ಈ ಮನೇಲಿ ಉಳಿಯೋದು ಬೇಡ."