ಪೈಪಣ್ಣನ ಜೋಡಿ ಅಂಜೂರ

ಎರಡು ದೇಶಗಳು ಕೃಷಿಯಲ್ಲಿ ಕೈಜೋಡಿಸಿದ ದಿನ, ಅದರ ನೆನಪಿಗೆಂದು ತೋಡಿದ್ದ ಜೋಡಿ ಗುಂಡಿಗಳಲ್ಲಿ ಒಂದಕ್ಕೆ ಎಲ್ಲರಿಗಿಂತ ಮೊದಲು ಬಿದ್ದವನು ಅದನ್ನು ತೋಡಿದ ಮಾಲಿಯೇ. ಬಲಗೈಯಲ್ಲಿ ಅತಿಥಿ ದೇಶದ ಅಂಜೂರದ ಕಡ್ಡಿ, ಎಡಗೈಯಲ್ಲಿ ನಮ್ಮ ದೇಶದ್ದು. ಫೋಟೋದವನಿಗೆ ದಾರಿ ಬಿಡಲು ಹಿಂದೆ ಸರಿದ, ಅಂಗಾತ ಬಿದ್ದ. ಎದ್ದಾಗ ಎರಡೂ ಕಡ್ಡಿ ಒಂದೇ ಕೈಯಲ್ಲಿದ್ದವು. ಕಡ್ಡಿಗೇನು ಪಾಸ್‌ಪೋರ್ಟ್ ಇರುತ್ತದೆಯೇ? ಕೈಗೆ ಸಿಕ್ಕಿದ್ದನ್ನು ಅತಿಥಿಗೊಂದು, ನಮ್ಮ ನಿರ್ದೇಶಕರಿಗೊಂದು ಕೊಟ್ಟ. ಅವರು ನೆಟ್ಟರು, ಚಪ್ಪಾಳೆ ತಟ್ಟಿಸಿಕೊಂಡರು, ಊಟಕ್ಕೆ ಹೋದರು.

ಕೃಷಿ ಕೇಂದ್ರದಲ್ಲಿ ಅವನನ್ನು ಪೈಪಣ್ಣ ಎನ್ನುತ್ತಿದ್ದರು. ನೀರಿನ ಪೈಪು ಎಳೆದೆಳೆದು ತಲೆ ನೆರೆತರೂ ಅವನದು ಇನ್ನೂ ದಿನಗೂಲಿ. "ಆ ಅತಿಥಿ ಮುಂದಿನ ವರ್ಷ ಮತ್ತೆ ಬರ್ತಾರೆ. ಎರಡೂ ಗಿಡ ಚೆನ್ನಾಗಿದ್ರೆ ನಿನ್ನ ಆರ್ಡರಿಗೆ ಸೈನ್ ಹಾಕ್ತೀನಿ," ಎಂದಿದ್ದರು ನಿರ್ದೇಶಕರು. ಗಿಡ ಕಾಯಿ ಬಿಟ್ಟರೆ ಮಾಲಿ ಕಾಯಂ ಎಂದು ಆಫೀಸಿನಲ್ಲಿ ನಗೆಯಾಯಿತು.

ವರ್ಷ ತುಂಬುವ ಹೊತ್ತಿಗೆ ಗಿಡಗಳು ಎದೆಮಟ್ಟಕ್ಕೆ ನಿಂತಿದ್ದವು. ಆದರೆ ಯಾವುದು ಯಾರದು? ಎಲೆ ಮಗುಚಿ ನೋಡಿದರೂ ಅವಳಿ ಜವಳಿ. ಅತಿಥಿ ಕೇಳಿದರೆ ಯಾವುದನ್ನು ಅವರದೆನ್ನಲಿ ಎಂದು ಪೈಪಣ್ಣ ಅಳುಕುತ್ತ ಕೇಳಿದ.

"ಬಲಗಡೇದು ಅವರದು ಅನ್ನಪ್ಪ, ಮುಗೀತು," ಎಂದರು ನಿರ್ದೇಶಕರು.

"ಯಾರ ಬಲ ಸಾರ್?" ಎಂದರು ಟೈಪಿಸ್ಟಮ್ಮ. "ಅವರು ಎದುರಿಗೆ ನಿಂತ್ರೆ ಪೈಪಣ್ಣನ ಬಲ ಅವರ ಎಡ ಆಗಲ್ವಾ?"

ಅಷ್ಟೇ ಸಾಕಾಯಿತು. ಮನೆಯಲ್ಲಿ ಪೈಪಣ್ಣ ನೆಲದ ಮೇಲೆ ಎರಡು ಲೋಟ ಇಟ್ಟು ಸುತ್ತು ಹಾಕಿದ. ಪ್ರತಿ ಸುತ್ತಿಗೂ ದೇಶ ಬದಲಾಯಿತು.

"ಕಡ್ಡೀನ ಗುಡ್ಡ ಮಾಡ್ಬೇಡಿ," ಎಂದಳು ಹೆಂಡತಿ. "ಬರೀ ಬೆರಳು ತೋರ್ಸಿ. ಆರ್ಡರು ಕೈಗೆ ಬರೋವರ್ಗೂ ಬಾಯಿ ಮಾತ್ರ ಬಿಡ್ಬೇಡಿ."

ಅತಿಥಿ ಬಂದರು. ಎಲೆ ಸವರಿ ಖುಷಿಪಟ್ಟರು. ನಿರ್ದೇಶಕರ ಜೇಬಿನಲ್ಲಿ ಆರ್ಡರಿತ್ತು, ಸೈನ್ ಒಂದೇ ಬಾಕಿ. ದುಭಾಷಿ ಪೈಪಣ್ಣನತ್ತ ತಿರುಗಿದ. "ಇದರಲ್ಲಿ ಅವರ ದೇಶದ್ದು ಯಾವುದು ಅಂತ ಕೇಳ್ತಿದಾರೆ."

ಪೈಪಣ್ಣ ಬಲಗೈ ಎತ್ತಿದ. ಅಷ್ಟರಲ್ಲಿ ಅತಿಥಿ ಗಿಡಗಳನ್ನು ಬಳಸಿ ಆಚೆ ಹೋದರು. ಎಡಗೈ ಎತ್ತಿದ. ಅವರು ಈಚೆ ಬಂದರು. ಎರಡೂ ಕೈ ತಾವಾಗಿಯೇ ಇಳಿದವು.

"ಎರಡೂ ಅಲ್ಲ ಸಾರ್. ಅವರದೂ ನಮ್ಮದೂ ಬೇಸಿಗೇಲೇ ಒಣಗಿಹೋದ್ವು. ಇವು ನಮ್ಮನೆ ಹಿತ್ತಲಿನವು."